ಬೆಳಕಲ್ಲ, ಬಿಸಿ

ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಸರ್ಕಲ್ಲಿನಲ್ಲಿ ಮೊನ್ನೆಯಿಂದ ಒಂದು ಫ್ಲೆಕ್ಸ್ ನಿಂತಿದೆ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಮೇಡಂ ತೀರಿಕೊಂಡರೆಂದು ಬಡಾವಣೆಯ ಸಂಘದವರು ಹಾಕಿಸಿದ್ದು. ನಡುವೆ ಅವಳ ಫೋಟೊ, ಎರಡೂ ಕಡೆ ದೀಪದ ಚಿತ್ರ. ಕೆಳಗೆ ಕೈ ಮುಗಿದುಕೊಂಡು ಸಂಘದ ಅಧ್ಯಕ್ಷ. ಅಧ್ಯಕ್ಷ ನನ್ನ ಮಗ. ಸತ್ತವಳ ಮುಖಕ್ಕಿಂತ ಅವನ ಮುಖ ದೊಡ್ಡದಾಗಿ ಬಂದಿದೆ. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಬೆಳಕಿನಿಂದಲೇ ಬೆಳಕನ್ನು ಆಳಿದ ಮಹಾನ್ ವಿಜ್ಞಾನಿಗೆ ಶ್ರದ್ಧಾಂಜಲಿ’ ಎಂದು ಬರೆಸಿದ್ದಾರೆ.

ಅದು ಸುಳ್ಳು. ಸುಳ್ಳೆಂದು ಅವಳೇ ಬದುಕಿದ್ದಾಗ ನಮ್ಮೆಲ್ಲರ ಮುಂದೆ ಮೈಕಿನಲ್ಲಿ ಹೇಳಿದ್ದಳು.

ಮಗನನ್ನು ಕೇಳಿದೆ. “ಏನೋ ಇದು? ಅವಳು ಬೇಡ ಅಂದಿದ್ದನ್ನೇ ಹುಡುಕಿ ಬರೆಸಿದೀಯಲ್ಲೋ.”

“ಅಮ್ಮ, ಸತ್ತೋರ ಬಗ್ಗೆ ಒಳ್ಳೇದು ಹಾಕ್ಬೇಕು. ‘ಇವ್ರು ತಪ್ಪು ಮಾಡಿದ್ರು’ ಅಂತ ಫ್ಲೆಕ್ಸ್ ಹಾಕ್ಸಕ್ಕಾಗುತ್ತಾ? ಜನ ಉಗೀತಾರೆ.”

“ಬೇರೆ ಒಳ್ಳೇದು ಇರ್ಲಿಲ್ವೇನೋ ಅವಳಲ್ಲಿ?”

“ಇತ್ತು. ಬರ್ಸಕ್ಕೆ ಜಾಗ ಇರ್ಲಿಲ್ಲ.”

ಜಾಗ ಇರಲಿಲ್ಲವಂತೆ. ಅವನ ಮೀಸೆಗೆ ಇತ್ತು.

ಕಂಬ ಹತ್ತಿ ಅದನ್ನು ಹರಿಯಲು ನನ್ನ ಮಂಡಿ ಬಿಡುವುದಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕಲಿತಿದ್ದೇನೆ, ಪೇಪರು ಓದುತ್ತೇನೆ, ನಿಧಾನವಾಗಿ ಬರೆಯಲೂ ಬರುತ್ತದೆ. ಸಂಘದವರು ವರ್ಷಕ್ಕೊಮ್ಮೆ ಒಂದು ಪುಸ್ತಕ ತರುತ್ತಾರೆ, ಹಿರಿಯರು ಏನಾದರೂ ಬರೆದುಕೊಡಿ ಎಂದು ಹಲ್ಲು ಗಿಂಜುತ್ತಾರೆ. ಈ ಸಲ ಇದನ್ನು ಕೊಡುತ್ತೇನೆ. ಅವಳ ಹೆಸರು ಬರೆಯುವುದಿಲ್ಲ. ಸರ್ಕಲ್ಲಿನಲ್ಲಿ ನೇತು ಹಾಕಿದ್ದು ಸಾಕು.

ಅವಳು ಮನೆ ನೋಡಲು ಬಂದಾಗ ನಾನು ಮೊದಲು ಕೇಳಿದ್ದು ಮದುವೆಯ ವಿಷಯ. ವಯಸ್ಸು ನಲವತ್ತು ದಾಟಿತ್ತು, ಕಾಲಲ್ಲಿ ಉಂಗುರ ಇರಲಿಲ್ಲ. “ಯಾಕಮ್ಮ ಆಗಿಲ್ಲ?” ಎಂದೆ. ಇಂಥದ್ದಕ್ಕೆ ಹೆಂಗಸರು ಸಿಟ್ಟಾಗುತ್ತಾರೆ, ಇಲ್ಲವೇ ಒಂದು ಕಥೆ ಹೇಳುತ್ತಾರೆ. ಇವಳು ನಿಜವಾಗಿಯೂ ಯೋಚನೆ ಮಾಡಿದಳು. ಆಮೇಲೆ “ನಂಗೊತ್ತಿಲ್ಲ ಅಜ್ಜಿ” ಎಂದಳು. ಮನೆ ಕೊಟ್ಟೆ.

ಕಾಲೇಜಿನ ದೊಡ್ಡ ಮೇಷ್ಟ್ರು, ಡಾಕ್ಟರ್ ಪದವಿ ಬೇರೆ. ಆದರೂ ‘ಗೊತ್ತಿಲ್ಲ’ ಎನ್ನುವ ಮಾತನ್ನು ಅವಳಷ್ಟು ಸಲ ಹೇಳಿದವರನ್ನು ನಾನು ಕಂಡಿಲ್ಲ. ನಮ್ಮ ಬೀದಿಯಲ್ಲಿ ಯಾರನ್ನು ಏನು ಕೇಳಿದರೂ ಗೊತ್ತಿರುತ್ತದೆ. ಮೆಟ್ರೊ ಯಾವಾಗ ಬರುತ್ತದೆ, ಯಾರ ಮಗಳು ಯಾರ ಜೊತೆ ಹೋದಳು, ಎಲ್ಲ.

ಅವಳ ನಡಿಗೆ ಬೆಕ್ಕಿನದು. ತಲೆಯ ಮೇಲಿನ ಮಹಡಿಯಲ್ಲಿ ಒಬ್ಬರು ಇದ್ದಾರೆ ಎಂದೇ ನಮಗೆ ಗೊತ್ತಾಗುತ್ತಿರಲಿಲ್ಲ. ಕೇಳಿದ್ದಕ್ಕೆ, ಲ್ಯಾಬಿನಲ್ಲಿ ಕೂದಲಿನಂಥ ಗಾಜಿನ ಎಳೆಯೊಂದನ್ನು ಚಿಪ್ ಎನ್ನುವ ಸಣ್ಣ ಬಿಲ್ಲೆಯ ಮಗ್ಗುಲಿಗೆ ಸರಿಯಾಗಿ ಹಿಡಿದು ನಿಲ್ಲಿಸಬೇಕು, ಪಕ್ಕದಲ್ಲಿ ಯಾರಾದರೂ ದಪದಪ ನಡೆದರೆ ಅಲುಗಿಹೋಗುತ್ತದೆ, ಅದೇ ಅಭ್ಯಾಸವಾಗಿದೆ ಎಂದಳು. ಮೊದಲ ಸಲ ಮುದ್ದೆ ಕೊಟ್ಟಾಗ ಚಮಚ ಕೇಳಿದಳು. “ಇದೇನು ಐಸ್‌ಕ್ರೀಮಾ? ಮುರಿದು ನುಂಗು” ಎಂದೆ. ಅಗಿದಳು. ಕೆಟ್ಟ ಮುಖ ಮಾಡಿದಳು. ಆಮೇಲೆ ಅವಳಿಗೇ ಅದಿಲ್ಲದೆ ಆಗುತ್ತಿರಲಿಲ್ಲ. ಭಾನುವಾರ ಕೆಳಗಿಳಿದು ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತರೆ ಸೊಪ್ಪಿನ ಸಾರಿನ ವಾಸನೆಗೆ ಬಂದಳು ಎಂದು ಅರ್ಥ.

ಇನ್ನೊಂದು ಚಾಳಿ ಇತ್ತು. ಒಂದು ದಿನ ಕರಿಬೇವು ಮಾರುವ ಹೊಸ ಹೆಂಗಸು ಬಂದಳು. ಯಾವ ಕಡೆಯವಳೋ ಎಂದೆ. “ಸುಂಕದಕಟ್ಟೆ ಕಡೆಯೋರು ಅಜ್ಜಿ” ಎಂದು ನಮ್ಮ ಮೇಡಂ ಹೇಳಿ ಮಹಡಿ ಹತ್ತಿ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿದು ಬಂದಳು.

“ಅಜ್ಜಿ, ಸುಂಕದಕಟ್ಟೆ ಅಂದೆನಲ್ಲ. ಅವ್ರು ಹೇಳಿದ್ದಲ್ಲ ಅದು. ಆ ಬಸ್ಸಿಂದ ಇಳಿದಿದ್ದು ನೋಡಿ ನಾನೇ ಅಂದ್ಕೊಂಡಿದ್ದು.”

“ಅದನ್ನ ಹೇಳಕ್ಕೆ ಮೆಟ್ಟಿಲು ಇಳಿದು ಬಂದ್ಯಾ? ಅವಳ ಮನೆಗೇನು ಹೆಣ್ಣು ಕೇಳಕ್ಕೆ ಹೋಗ್ತಿದೀನಾ ನಾನು?”

“ಅಲ್ಲ, ನೀವು ನಿಜ ಅಂದ್ಕೊಂಡುಬಿಡ್ತೀರಲ್ಲ ಅಂತ.”

ಅವಳ ಕೆಲಸ ಏನೆಂದು ಒಂದು ಸಂಜೆ ತಾರಸಿಯ ಮೇಲೆ ಕೇಳಿದೆ. ನಮ್ಮ ತಾರಸಿಯ ಮೂಲೆಯಲ್ಲಿ ಇಂಟರ್‌ನೆಟ್ಟಿನವನು ಕರಿ ವೈರು ಸುತ್ತಿ ಬಿಸಾಕಿದ್ದ. ಅದನ್ನೇ ತೋರಿಸಿದಳು. ಅದರ ಹೊಟ್ಟೆಯಲ್ಲಿರುವುದು ಗಾಜಿನ ಎಳೆ, ಫೋನಿನ ಮಾತು, ಸಿನಿಮಾ, ಎಲ್ಲವೂ ಅದರೊಳಗೆ ಬೆಳಕಾಗಿ ಓಡುತ್ತದಂತೆ. ಆದರೆ ದಾರಿ ಬದಲಿಸಬೇಕಾದ ಕಡೆ ಬೆಳಕನ್ನು ಕರೆಂಟು ಮಾಡಬೇಕು, ಆ ಕರೆಂಟು ಎತ್ತ ಹೋಗಬೇಕೆಂದು ನಿರ್ಧರಿಸಬೇಕು, ಮತ್ತೆ ಅದನ್ನು ಬೆಳಕು ಮಾಡಿ ಕಳಿಸಬೇಕು.

“ಮೆಜೆಸ್ಟಿಕ್ಕಲ್ಲಿ ಬಸ್ ಬದಲಾಯಿಸ್ದಂಗೆ” ಎಂದೆ.

“ಹೂಂ, ಹಂಗೇ. ಟೈಮೂ ಹಾಳು, ಕರೆಂಟೂ ಹಾಳು. ನಾವು ಏನ್ ಮಾಡ್ಬೇಕಂತಿದೀವಿ ಅಂದ್ರೆ, ಇಳೀಲೇಬಾರ್ದು. ಬೆಳಕು ಬೆಳಕಾಗೇ ಇರ್ಬೇಕು, ಇನ್ನೊಂದು ಬೆಳಕೇ ಅದನ್ನ ತಿರುಗಿಸ್ಬೇಕು.”

ನನ್ನ ಕೈಯಿಂದ ಒಂದು ಬಳೆ ಬಿಚ್ಚಿಸಿ ನೆಲದ ಮೇಲಿಟ್ಟಳು. ಪಕ್ಕದಲ್ಲಿ ಕಡ್ಡಿಪೊರಕೆಯ ಕಡ್ಡಿಯೊಂದನ್ನು ಇಟ್ಟಳು. ಕಡ್ಡಿಯೇ ಬೆಳಕಿನ ದಾರಿ, ಬಳೆ ಅದರ ಪಕ್ಕದ ಉಂಗುರ. ಎರಡೂ ಸಿಲಿಕಾನ್ ಎಂಬ ವಸ್ತುವಿನಲ್ಲಿ ಕೊರೆದದ್ದು, ಇಂಥ ಎಷ್ಟೋ ಉಂಗುರ ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ ಹಿಡಿಯುತ್ತವೆ. ಉಂಗುರಕ್ಕೆ ಒಪ್ಪುವ ಬಣ್ಣದ ಬೆಳಕಾದರೆ ಒಳಗೆ ಹೋಗಿ ಸುತ್ತುತ್ತದೆ, ಒಪ್ಪದಿದ್ದರೆ ಸುಮ್ಮನೆ ಮುಂದೆ ಹೋಗುತ್ತದೆ. ಜೋರಾದ ಇನ್ನೊಂದು ಬೆಳಕನ್ನು ಬಿಟ್ಟು, ಉಂಗುರ ಒಪ್ಪುವ ಬಣ್ಣವನ್ನೇ ಚೂರು ಸರಿಸಿದರೆ, ಮೊದಲನೇ ಬೆಳಕಿಗೆ ಬಾಗಿಲು ತೆಗೆದ ಹಾಗೂ ಆಯಿತು, ಮುಚ್ಚಿದ ಹಾಗೂ ಆಯಿತು. ರೆಪ್ಪೆ ಅಲುಗಿಸುವಷ್ಟರಲ್ಲಿ ಕೋಟಿಗಟ್ಟಲೆ ಸಲ ಆ ಬಾಗಿಲು ತೆಗೆದು ಮುಚ್ಚಬಹುದು ಎಂದಳು. ನನಗೆ ಕೋಟಿ ಗೊತ್ತಿಲ್ಲ, ಸೈಟಿನ ರೇಟಿನಲ್ಲಿ ಮಾತ್ರ ಗೊತ್ತು. ಆದರೆ ಅವಳ ಮುಖ ನೋಡಿದೆ. ಮಗು ಎದ್ದು ನಿಂತು ಹೆಜ್ಜೆ ಇಟ್ಟಾಗ ತಾಯಿಯ ಮುಖ ಹಾಗಿರುತ್ತದೆ.

ಅದನ್ನು ತಾನು ಮಾಡಿದ್ದೇನೆ ಎಂದು ಬರೆದು ವಿದೇಶದ ಪತ್ರಿಕೆಯೊಂದಕ್ಕೆ ಕಳಿಸಿದಳು. ಅವರು ಹಾಕಿದರು. ನಮ್ಮ ಪೇಪರಿನಲ್ಲೂ ಒಳಗಿನ ಪುಟದಲ್ಲಿ ಅವಳ ಫೋಟೊ ಸಮೇತ ಬಂತು. ನನ್ನ ಮಗ ಆವತ್ತಿನವರೆಗೆ ಅವಳ ಹತ್ತಿರ ಮಾತಾಡಿದ್ದು ನೀರಿನ ಮೋಟರಿನ ವಿಷಯ ಮಾತ್ರ. ಪೇಪರು ಹಿಡಿದುಕೊಂಡು ಮೆಟ್ಟಿಲು ಹತ್ತಿದ. ರಾಜ್ಯೋತ್ಸವಕ್ಕೆ ಸಂಘದಿಂದ ಸನ್ಮಾನ, ಎಮ್ಮೆಲ್ಲೆ ಬರುತ್ತಾರೆ, ನೀವು ನಮ್ಮ ಬಡಾವಣೆಯ ಹೆಮ್ಮೆ ಎಂದ. ಅವನಿಗೆ ವಾರ್ಡಿನ ಚುನಾವಣೆಗೆ ನಿಲ್ಲುವ ಆಸೆ. ಅವಳಿಗೆ ಇಷ್ಟವಿರಲಿಲ್ಲ. ಬೇಡ ಎನ್ನುವುದೂ ಅವಳಿಗೆ ಬರುತ್ತಿರಲಿಲ್ಲ. ಒಪ್ಪಿದಳು.

ರಾಜ್ಯೋತ್ಸವಕ್ಕೆ ಇನ್ನೇನು ಒಂದು ವಾರ ಇತ್ತು. ನಾನು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಅವಳು ಬಂದು ಗೋಡೆಗೆ ಒರಗಿ ನಿಂತಳು. ತಲೆ ಬಾಚಿರಲಿಲ್ಲ.

“ಅಜ್ಜಿ, ನಾನು ಬರೆದಿದ್ದು ತಪ್ಪು.”

“ಯಾವ್ದು?”

“ಎಲ್ಲಾ.”

ಕೊನೆಯ ದೋಸೆ ತೆಗೆದು ಗ್ಯಾಸ್ ಆರಿಸಿದೆ. ಅವಳು ಕಾವಲಿಯ ಮೇಲೆ ಕೈ ಚಾಚಿದಳು, ಮುಟ್ಟಲಿಲ್ಲ.

“ಒಲೆ ಆರಿಸಿದ್ರೂ ಇದು ಬಿಸಿ ಇದೆ ಅಲ್ವಾ? ಹಂಗೇ ಅಜ್ಜಿ. ಜೋರು ಬೆಳಕನ್ನ ಆರಿಸಿದ ತಕ್ಷಣ ನನ್ನ ಉಂಗುರ ಮೊದಲಿನ ಹಾಗೆ ಆಗ್ಬೇಕಿತ್ತು. ಆಗ್ತಾ ಇಲ್ಲ. ನಿಧಾನಕ್ಕೆ ಆಗ್ತಾ ಇದೆ. ಅಂದ್ರೆ ಬಾಗಿಲು ತೆಗೀತಾ ಇದ್ದಿದ್ದು ಬೆಳಕಲ್ಲ. ಬೆಳಕಿಂದ ಉಂಗುರ ಕಾಯ್ತಾ ಇತ್ತು. ಬಿಸಿ. ಬರೀ ಬಿಸಿ.”

“ಮೊದ್ಲೇ ಗೊತ್ತಾಗ್ಲಿಲ್ವಾ?”

“ಎಷ್ಟು ಬೇಗ ತಿರುಗುತ್ತೆ ಅಂತ ನಾನು ಅಳೆದಿರ್ಲಿಲ್ಲ. ತಿರುಗಿದ್ದನ್ನ ನೋಡಿದೆ, ಇಷ್ಟು ಬೇಗ ಇರ್ಬೇಕು ಅಂತ ಲೆಕ್ಕ ಹಾಕಿ ಬರೆದುಬಿಟ್ಟೆ. ಈಗ ಅಳೆದೆ.”

ಕರಿಬೇವಿನವಳ ಊರನ್ನು ತಿದ್ದಲು ಮೆಟ್ಟಿಲಿಳಿದು ಬಂದವಳು ಇಲ್ಲಿ ಹೇಗೆ ಹಾರಿಬಿಟ್ಟಳು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಹಳ ದಿನ ಒಂದನ್ನೇ ಬಯಸಿದರೆ ಹಾಗಾಗುತ್ತದೆಯೋ ಏನೋ. ಬೇರೆ ಕಡೆ ಇದನ್ನು ಸರಿಯಾಗಿ ಮಾಡುವವರು ಇದ್ದಾರೆ, ಬೆಳಕು ಬೆಳಕನ್ನು ತಿರುಗಿಸುವುದು ಆಗದ ಕೆಲಸವೇನಲ್ಲ, ತನ್ನ ಉಂಗುರದಲ್ಲಿ ಆಗಿದ್ದು ಅದಲ್ಲ, ಇಷ್ಟೇ ಎಂದು ಹೇಳಿದಳು. ಅವಳ ಕೈಕೆಳಗೆ ಓದುವ ಒಬ್ಬ ಹುಡುಗಿ ಇದ್ದಳು. ಆ ಹುಡುಗಿ ಇವಳ ಮಾತು ನಂಬಿ ಅದೇ ಉಂಗುರದ ಮೇಲೆ ತನ್ನ ಡಾಕ್ಟರ್ ಪದವಿಯ ಕೆಲಸವನ್ನೆಲ್ಲ ಕಟ್ಟಿಕೊಂಡಿದ್ದಳು. ಈಗ ಅದೂ ಬಿತ್ತು.

ಪತ್ರಿಕೆಗೆ ಬರೆದು ತನ್ನ ಲೇಖನ ವಾಪಸ್ ತೆಗೆದುಕೊಂಡಳು. ಯಾರೂ ಹೇಳಿರಲಿಲ್ಲ, ಯಾರಿಗೂ ಇನ್ನೂ ಗೊತ್ತೂ ಆಗಿರಲಿಲ್ಲ. ಆಮೇಲೆ ನನ್ನ ಮಗನ ಹತ್ತಿರ ಬಂದಳು. ಸನ್ಮಾನ ಬೇಡ ಎಂದಳು.

“ಫ್ಲೆಕ್ಸ್ ಎಲ್ಲಾ ಪ್ರಿಂಟ್ ಆಗಿದೆ ಮೇಡಂ. ಎಮ್ಮೆಲ್ಲೆ ಡೇಟ್ ಕೊಟ್ಟಿದಾರೆ. ಯಾರಿಗ್ ಗೊತ್ತಾಗುತ್ತೆ ಬಿಡಿ.”

“ನಂಗ್ ಗೊತ್ತಿದೆಯಲ್ಲ.”

“ಐದ್ ನಿಮಿಷ ಮೇಡಂ. ಬಂದು ಹಾರ ಹಾಕಿಸ್ಕೊಂಡು ಹೋಗಿ. ನಮ್ ಮರ್ಯಾದೆ ಪ್ರಶ್ನೆ.”

“ಬಂದ್ರೆ ನಿಜ ಹೇಳ್ತೀನಿ.”

“ಹೇಳಿ ಮೇಡಂ, ಏನಾದ್ರೂ ಹೇಳಿ. ಕನ್ನಡದಲ್ಲಿ ಹೇಳಿ, ಅಷ್ಟು ಸಾಕು.”

ಹೇಳಿದಳು. ಪಾರ್ಕಿನ ಮುಂದೆ ಪೆಂಡಾಲು, ಆರ್ಕೆಸ್ಟ್ರಾದವರ ಡಬ್ಬ ಸ್ಪೀಕರು. ಮೊದಲು ಅವಳ ತಲೆಗೆ ಮೈಸೂರು ಪೇಟ ಇಟ್ಟರು. ಅಳತೆ ದೊಡ್ಡದು, ಹುಬ್ಬಿನವರೆಗೆ ಇಳಿಯಿತು. ಊರಿನ ಹಿರಿಯಳೆಂದು ನನ್ನ ಕೈಯಲ್ಲಿ ಶಾಲು ಹೊದಿಸಿದರು. ಗಂಧದ ಹಾರ, ಹಣ್ಣಿನ ಬುಟ್ಟಿ, ಎಮ್ಮೆಲ್ಲೆಯ ಪಕ್ಕ ನಿಲ್ಲಿಸಿ ಫೋಟೊ. ಆಮೇಲೆ ಮೈಕ್ ಕೊಟ್ಟರು.

ಅವಳು ಚೀಟಿ ಗೀಟಿ ಇಟ್ಟುಕೊಂಡಿರಲಿಲ್ಲ. “ಎಲ್ಲರಿಗೂ ನಮಸ್ಕಾರ. ನೀವು ಯಾವ ಕೆಲಸಕ್ಕೆ ನನ್ನನ್ನ ಕರೆದಿದ್ದೀರೋ ಆ ಕೆಲಸ ನಾನು ಮಾಡಿಲ್ಲ. ಮಾಡಿದೀನಿ ಅಂತ ಬರೆದೆ. ಅದು ತಪ್ಪಾಗಿತ್ತು. ಸರಿಯಾಗಿ ಅಳೆಯದೆ ಬರೆದೆ. ಈ ಸನ್ಮಾನ ನನಗೆ ಸಲ್ಲೋದಲ್ಲ. ಕ್ಷಮಿಸಿ.”

ಅಷ್ಟರಲ್ಲಿ ನಿರೂಪಕ ಎದ್ದ. ನಮ್ಮ ಬಡಾವಣೆಯವನೇ, ಮದುವೆ ಮನೆಗಳಲ್ಲೂ ಅವನೇ ಮೈಕ್ ಹಿಡಿಯುವುದು. “ನೋಡಿ ಬಂಧುಗಳೇ, ಎಂಥಾ ಸರಳತೆ! ಇಷ್ಟು ದೊಡ್ಡ ಸಾಧನೆ ಮಾಡಿ, ನಾನೇನೂ ಮಾಡಿಲ್ಲ ಅಂತಾರೆ! ಜೋರಾದ ಚಪ್ಪಾಳೆ!”

ಹೊಡೆದರು. ಎಮ್ಮೆಲ್ಲೆಯೂ ಹೊಡೆದರು. ಅವಳು ಮತ್ತೆ ಮೈಕ್ ಎಳೆದುಕೊಂಡಳು. “ಸರಳತೆ ಅಲ್ಲ. ತಪ್ಪು. ನಿಜವಾಗ್ಲೂ ತಪ್ಪು.”

ಚಪ್ಪಾಳೆ ಇನ್ನೂ ಜೋರಾಯಿತು. ಹಿಂದೆ ಯಾರೋ ಹುಡುಗರು ಸಿಳ್ಳೆ ಹಾಕಿದರು.

ನನಗೆ ತಡೆಯಲಾಗಲಿಲ್ಲ. ಮುಂದಿನ ಸಾಲಿನಲ್ಲಿ ಎದ್ದು ನಿಂತು ಕೂಗಿದೆ. “ಏಯ್, ಅವಳು ತಪ್ಪಾಗಿದೆ ಅಂತಾವ್ಳೆ ಕಣ್ರೋ! ಬಾಯಿ ಮುಚ್ಕೊಂಡು ಕೇಳಿಸ್ಕೊಳ್ರೋ!”

“ನೋಡಿ, ನಮ್ಮ ಅಧ್ಯಕ್ಷರ ತಾಯಿಯವರಿಗೂ ಇವತ್ತು ವಿಜ್ಞಾನ ಅರ್ಥ ಆಗೋಯ್ತು!” ಎಂದ ನಿರೂಪಕ. ಪೆಂಡಾಲೆಲ್ಲ ನಕ್ಕಿತು. ನನ್ನ ಸೊಸೆ ಸೆರಗು ಹಿಡಿದೆಳೆದು ಕೂರಿಸಿದಳು. ಎದುರಿಗೆ ನನ್ನ ಮಗ ಎಮ್ಮೆಲ್ಲೆಯ ಕಿವಿಯಲ್ಲಿ ಏನೋ ಹೇಳಿ ಹಲ್ಲು ಬಿಡುತ್ತಿದ್ದ. ಅವಳು ಪೇಟ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಯಾರದೋ ಮಗುವನ್ನು ಸ್ವಲ್ಪ ಹೊತ್ತಿಗೆ ಹಿಡಿದುಕೊಂಡವಳ ಹಾಗೆ ಕೂತಿದ್ದಳು. ಆರ್ಕೆಸ್ಟ್ರಾ ಶುರುವಾಯಿತು.

ಆವತ್ತು ನಾಚಿಕೆ ನನ್ನ ಮಗನಿಗೆ ಆಗಬೇಕಿತ್ತು. ಆಗಲಿಲ್ಲ, ಅದಕ್ಕೇ ನನಗೆ ಆಯಿತು. ಈಗಲೂ ಆಗುತ್ತಿದೆ. ಹೆತ್ತವಳು ನಾನು. ಊರೂ ನನ್ನದೇ. ಹೊಲ ಇದ್ದಾಗ ನಮ್ಮಲ್ಲಿ ಒಬ್ಬರು ತಪ್ಪು ಒಪ್ಪಿಕೊಂಡರೆ ಬೈಯುತ್ತಿದ್ದರು, ದಂಡ ಹಾಕುತ್ತಿದ್ದರು, ಮಾರನೆಯ ದಿನ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಈಗ ಹೊಲಗಳೆಲ್ಲ ಸೈಟಾಗಿ ದುಡ್ಡು ಬಂದ ಮೇಲೆ ನಮಗೆ ಬೈಯುವುದೂ ಮರೆತುಹೋಗಿದೆ. ಕೈಗೆ ಸಿಕ್ಕವರಿಗೆಲ್ಲ ಶಾಲು ಹೊದಿಸುತ್ತೇವೆ, ಆಮೇಲೆ ಅವರ ಮಾತು ಕೇಳುವುದಿಲ್ಲ.

ಆಮೇಲಿನ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಅವಳಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಮೊದಲು ಫೋಟೊ ಹಾಕಿದ್ದ ಪೇಪರಿನವರು ತಪ್ಪಿನ ವಿಷಯ ಹಾಕಲಿಲ್ಲ. ಅವಳು ಆ ಹುಡುಗಿಯ ಜೊತೆ ಸೇರಿ ಅದೇ ಉಂಗುರವನ್ನು ಮತ್ತೆ ಮೊದಲಿನಿಂದ ಅಳೆಯಲು ಶುರು ಮಾಡಿದಳು. ಬಾಗಿಲು ತೆಗೆದದ್ದು ಬೆಳಕೋ ಬಿಸಿಯೋ ಎಂದು ಪತ್ತೆ ಮಾಡುವುದು ಹೇಗೆ, ಎಲ್ಲಿ ಮೋಸ ಹೋಗುತ್ತೇವೆ, ತಾನು ಎಲ್ಲಿ ಮೋಸ ಹೋದೆ, ಇದನ್ನೆಲ್ಲ ಬರೆದರು. ಹುಡುಗಿಗೆ ತಡವಾಗಿಯಾದರೂ ಪದವಿ ಬಂತು. ಬೇರೆ ದೇಶದವರು ಈಗ ತಮ್ಮ ಉಂಗುರಗಳನ್ನು ನಂಬುವ ಮೊದಲು ಅದನ್ನು ತೆಗೆದು ಓದುತ್ತಾರಂತೆ. ಇದನ್ನು ಅವಳು ನನಗೆ ಹೇಳಿದಾಗ ದನಿಯಲ್ಲಿ ಹೆಮ್ಮೆ ಇರಲಿಲ್ಲ, ನಲ್ಲಿಯಲ್ಲಿ ನೀರು ಬಂತು ಎನ್ನುವ ಹಾಗೆ ಹೇಳಿದಳು. ಅವಳು ಮಾಡಿದ ಕೆಲಸ ಇದು. ಸತ್ತ ಮೇಲೆ ನೆನೆಯಬೇಕಿದ್ದರೆ ಇದನ್ನು ನೆನೆಯಬೇಕು. ಮನೆ ಖಾಲಿ ಮಾಡಿ ಮೈಸೂರಿನ ಅಕ್ಕನ ಮನೆಗೆ ಹೋದಳು, ಅಲ್ಲೇ ಎದೆನೋವು ಬಂದು ತೀರಿಕೊಂಡಳು.

ಆ ಹುಡುಗಿ ಮತ್ತೆ ಇವಳ ಜೊತೆ ಕೆಲಸಕ್ಕೆ ಕೂತಳಲ್ಲ, ಅದು ಹೇಗೆ ಎನ್ನುವುದಕ್ಕೆ ಸನ್ಮಾನದ ಮರುದಿನದ್ದು ಹೇಳಬೇಕು.

ಬೆಳಿಗ್ಗೆ ಅವಳು ಬುಟ್ಟಿ, ಶಾಲು, ಪೇಟ ಎಲ್ಲ ಹೊತ್ತುಕೊಂಡು ಕೆಳಗೆ ಬಂದಳು. ಹಣ್ಣನ್ನು ಮಕ್ಕಳಿಗೆ ಕೊಡಿ, ಉಳಿದದ್ದು ಸಂಘಕ್ಕೆ ಕೊಟ್ಟುಬಿಡಿ ಎಂದಳು. ಆ ವಾರವೆಲ್ಲ ಅವಳು ಸರಿಯಾಗಿ ಉಂಡಿರಲಿಲ್ಲ, ಕಣ್ಣು ಗುಳಿ ಬಿದ್ದಿತ್ತು. ನೆಲದ ಮೇಲೆ ಕೂತಳು.

“ಯಾರೂ ಬೈತಾ ಇಲ್ಲ ಅಜ್ಜಿ. ನಮ್ ಡೈರೆಕ್ಟ್ರು, ‘ವಿಜ್ಞಾನದಲ್ಲಿ ಇದೆಲ್ಲಾ ಇದ್ದಿದ್ದೇ’ ಅಂದ್ರು. ಆ ಹುಡುಗಿ ‘ಪರವಾಗಿಲ್ಲ ಮೇಡಂ’ ಅಂದ್ಲು. ನಿನ್ನೆ ಅಷ್ಟು ಜನ ಚಪ್ಪಾಳೆ ಹೊಡೆದ್ರು. ನಿಮಗೊಬ್ರಿಗೇ ಅರ್ಥ ಆಗಿತ್ತು. ನೀವೂ ಏನೂ ಅಂತಾ ಇಲ್ಲ.”

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ನನ್ನ ಗಂಡ ಸತ್ತಾಗ ಅತ್ತೆಗೂ ಹೇಳಲಿಲ್ಲ. ಹಿಟ್ಟಿನ ಕೈ ತೊಳೆದು ಬಂದು ಎದುರಿಗೆ ಕೂತೆ.

“ತಪ್ಪೇ ಮಾಡಿದೀಯ. ಅಳೀದೆ ಬರೆದೆ, ಆಸೆಗೆ ಬಿದ್ದು ಬರೆದೆ. ಬೇರೆಯೋರ ಮನೆ ಹೆಣ್ಣುಮಗಳನ್ನ ನಿನ್ನ ಮಾತು ನಂಬಿಸಿ ಕೂರಿಸ್ದೆ. ಅವಳ ವರ್ಷ ನೀನು ವಾಪಸ್ ತಂದ್ಕೊಡಕ್ಕಾಗಲ್ಲ. ಪತ್ರಿಕೆಯೋರಿಗೆ ಬರೆದೆ, ನಮ್ಮ ಹತ್ರ ಮೈಕಲ್ಲಿ ಕ್ಷಮಿಸಿ ಅಂದೆ. ನಮ್ಮದೇನು ಕಳೆದಿತ್ತು ನೀನು ಕ್ಷಮೆ ಕೇಳಕ್ಕೆ? ಆ ಹುಡುಗಿ ಹತ್ರ ಕೇಳಿದ್ಯಾ?”

“ಕೇಳ್ದೆ. ಪರವಾಗಿಲ್ಲ ಅಂದ್ಲು.”

“ನಿನ್ನ ಸಹಿ ಬೇಕಲ್ಲ ಅವಳ ಪದವಿಗೆ? ಬೇಕು. ಇನ್ನೇನಂತಾಳೆ? ನಿನ್ನ ಮುಂದೆ ‘ಪರವಾಗಿದೆ’ ಅನ್ನಕ್ಕಾಗುತ್ತಾ? ಹೆದರಿಕೊಂಡು ಅಂದವ್ಳೆ.”

ಅವಳು ನನ್ನನ್ನೇ ನೋಡಿದಳು. “ಇದು ನಂಗೆ ಹೊಳೀಲೇ ಇಲ್ಲ” ಎಂದಳು. ಎದ್ದಳು. ಹುಡುಗಿಯ ಮನೆ ದೀಪಾಂಜಲಿ ನಗರದಲ್ಲಿ, ಈಗ ಹೋದರೆ ಸಿಗುತ್ತಾಳೆ ಎಂದು ಚಪ್ಪಲಿ ಮೆಟ್ಟಿದಳು. ಗೇಟಿನ ಹತ್ತಿರ ನಿಂತು ತಿರುಗಿದಳು.

“ಅಲ್ಲೂ ಪರವಾಗಿಲ್ಲ ಅಂದ್ರೆ?”

“ಮೊದ್ಲು ಏನೇ ಬೈದ್ರೂ ಅವಳ ಪದವಿಗೆ ಸಹಿ ಹಾಕ್ತೀನಿ ಅಂತ ಅವರಮ್ಮನ ಎದುರಿಗೆ ಹೇಳು. ಆಮೇಲೆ ಕೂತ್ಕೋ. ಬೈಸ್ಕೊಂಡೇ ಎದ್ದು ಬಾ.”

ಹೋದಳು. ಒಬ್ಬಳು ತನ್ನ ತಪ್ಪಿಗೆ ನಾಚಿಕೊಳ್ಳಲು ನಮ್ಮ ಬಡಾವಣೆಯಲ್ಲಿ ಜಾಗ ಸಿಗದೆ ಮೈಸೂರು ರಸ್ತೆಯವರೆಗೆ ಆಟೋ ಹಿಡಿಯಬೇಕಾಯಿತು.

ಅವಳು ವಾಪಸ್ ಬಂದಾಗ ಮಧ್ಯಾಹ್ನವಾಗಿತ್ತು. ಕಣ್ಣು ಊದಿಕೊಂಡಿತ್ತು, ಮೂಗು ಕೆಂಪಗಿತ್ತು.

“ಬೈದ್ಲಾ?”

“ಬೈದ್ಲು. ಅತ್ಲು. ಆಮೇಲೆ ಅವರಮ್ಮ ಒಳಗಿಂದ ಬಂದು ಇನ್ನೂ ಜೋರಾಗಿ ಬೈದ್ರು. ಎಲ್ಲಾ ಕೇಳಿಸ್ಕೊಂಡೆ.”

“ಸರಿ” ಎಂದು ತಟ್ಟೆ ಇಟ್ಟೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತಲೆ ತಗ್ಗಿಸಿಕೊಂಡು ಉಂಡಳು. ಇನ್ನೊಂದು ಬೇಕಾ ಎಂದೆ. ಹಾಕಿ ಎಂದಳು.